ನಾಯಿ, ಬೆಕ್ಕಿನ ಕಾಲು ಮುರಿದರೆ: ಮೊದಲ ಗಂಟೆಯಿಂದ ಆರನೇ ವಾರದವರೆಗೆ

ನಮ್ಮ ನಾಯಿ ಕೆಂಚನಿಗೆ ಸ್ಕೂಟರ್ ಗುದ್ದಿದ್ದು ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ. ಹಿಂಗಾಲು ಜೋತಾಡುತ್ತಿತ್ತು. ನನಗೆ ಆ ಕಾಲು ಬಿಟ್ಟು ಬೇರೇನೂ ಕಾಣಲಿಲ್ಲ. ಡಾಕ್ಟರು ಮಾತ್ರ ಕಾಲು ಮುಟ್ಟಲೇ ಇಲ್ಲ. ತುಟಿ ಎತ್ತಿ ವಸಡು ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು, ಹೊಟ್ಟೆ ಒತ್ತಿ ನೋಡಿದರು. ಕಾಲಿನ ಸರದಿ ಬಂದಿದ್ದು ಕೊನೆಗೆ.

ಮೊದಲ ಗಂಟೆ

ನೀವೂ ಹಾಗೇ ಮಾಡಿ. ವಸಡು ಬಿಳಿಚಿಕೊಂಡಿದ್ದರೆ, ಉಸಿರಿಗೆ ಕಷ್ಟಪಡುತ್ತಿದ್ದರೆ, ಕಾಲಿನ ಚಿಂತೆ ಬಿಟ್ಟು ಹತ್ತಿರದ ಆಸ್ಪತ್ರೆಗೆ ಓಡಿ. ಅಪಾರ್ಟ್‌ಮೆಂಟ್ ಬಾಲ್ಕನಿಯಿಂದ ಬಿದ್ದ ಬೆಕ್ಕು ಎದ್ದು ನಡೆದರೂ ನಂಬಬೇಡಿ, ಶ್ವಾಸಕೋಶಕ್ಕೆ ಪೆಟ್ಟಾಗಿರಬಹುದು.

ಎಷ್ಟೇ ಪ್ರೀತಿಯ ನಾಯಿಯಾದರೂ ನೋವಿನಲ್ಲಿ ಕಚ್ಚಬಹುದು. ಉಸಿರಾಟ ಸರಿಯಿದ್ದು ವಾಂತಿ ಇಲ್ಲದಿದ್ದರೆ ಮಾತ್ರ ಬಾಯಿಗೆ ಮೆತ್ತನೆ ಬಟ್ಟೆ ಸುತ್ತಿ. ಎತ್ತುವಾಗ ಹಲಗೆ ಅಥವಾ ಬೆಡ್‌ಶೀಟ್ ಬಳಸಿ. ಮೂಳೆ ಹೊರಗೆ ಕಂಡರೆ ಒಳಗೆ ತಳ್ಳಬೇಡಿ, ಅರಿಶಿನ ಹಚ್ಚಬೇಡಿ. ಒಗೆದ ಬಟ್ಟೆ ಮುಚ್ಚಿ, ಅಷ್ಟು ಸಾಕು. ಮನೆಯಲ್ಲಿರುವ ನೋವಿನ ಮಾತ್ರೆ ಖಂಡಿತ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಜೀವ ತೆಗೆಯಬಹುದು. ಐಬುಪ್ರೊಫೆನ್ ನಾಯಿಗೂ ಅಪಾಯ.

ಎಲ್ಲಿಗೆ ಹೋಗುವುದು?

ಬೆಂಗಳೂರಿನಲ್ಲಾದರೆ ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆ ಇದೆ, ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಖಾಸಗಿ ಕ್ಲಿನಿಕ್ ಆದರೆ ಎಕ್ಸ್‌ರೇ ಇದೆಯಾ, ಮೂಳೆ ಆಪರೇಷನ್ ಮಾಡುವವರು ಬರುತ್ತಾರಾ ಎಂದು ಹೊರಡುವ ಮೊದಲೇ ಫೋನಿನಲ್ಲಿ ಕೇಳಿ.

ಕಟ್ಟು ಸಾಕಾಗುತ್ತಾ?

ಎಕ್ಸ್‌ರೇ ಎರಡು ಕೋನದಿಂದ ತೆಗೆಯಬೇಕು. ಒಂದರಲ್ಲಿ ಕಾಣದ ಬಿರುಕು ಇನ್ನೊಂದರಲ್ಲಿ ಕಾಣುತ್ತದೆ.

ಇಲ್ಲೇ ನಮ್ಮ ಜನ ಎಡವುವುದು. ಆಪರೇಷನ್ ಯಾಕೆ, ಸುಮ್ನೆ ಪುತ್ತೂರು ಕಟ್ಟು ಹಾಕಿಸಿ ಅಂತ ನಮಗೂ ನಾಲ್ಕು ಜನ ಹೇಳಿದರು. ಕಟ್ಟು ಕೆಲಸ ಮಾಡಬೇಕಾದರೆ ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗಬಾರದು. ಮೊಣಕಾಲಿನ ಕೆಳಗಾದರೆ ಕೆಲವೊಮ್ಮೆ ಆಗುತ್ತದೆ. ತೊಡೆ ಮೂಳೆಗೆ ಆಗುವುದಿಲ್ಲ, ಯಾಕೆಂದರೆ ಸೊಂಟದ ಕೀಲನ್ನು ಕಟ್ಟಿನಿಂದ ಹಿಡಿದಿಡೋಕೆ ಆಗಲ್ಲ. ಕಟ್ಟಿನ ಭಾರವೇ ಕೆಳಗೆ ಜಗ್ಗಿ, ಮುರಿದ ತುದಿಗಳು ಇನ್ನೂ ಜಾಸ್ತಿ ಅಲುಗುತ್ತವೆ. ಕೆಂಚನದು ತೊಡೆ ಮೂಳೆ. ಪ್ಲೇಟ್, ಸ್ಕ್ರೂ ಹಾಕಲೇಬೇಕಾಯಿತು.

ಆಪರೇಷನ್ನಿನ ಮುಂಚೆ

ಒಂದೆರಡು ದಿನ ಕಾಯಿಸಿದರೆ ಗಾಬರಿ ಬೇಡ. ಪ್ರಾಣಿ ಸುಧಾರಿಸಿಕೊಂಡ ಮೇಲೆ ಅರಿವಳಿಕೆ ಕೊಡುವುದೇ ಕ್ಷೇಮ. ರಕ್ತ ಪರೀಕ್ಷೆ ಮಾಡಿಸಿ. ಊಟ ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂದು ಕೇಳಿ, ಮರಿಗಳನ್ನು ಜಾಸ್ತಿ ಹೊತ್ತು ಹಸಿದಿಡಬಾರದು. ಹೇಳಿದ ಖರ್ಚಿನಲ್ಲಿ ಪ್ಲೇಟು, ಮುಂದಿನ ಎಕ್ಸ್‌ರೇ ಸೇರಿವೆಯಾ ಎಂದೂ ಕೇಳಿಕೊಳ್ಳಿ.

ಮನೆಯಲ್ಲಿ ಆರು ವಾರ

ಮೂಳೆ ಕೂಡುವುದು ಮನೆಯಲ್ಲಿ. ಮರಿಗಳಿಗೆ ಮೂರ್ನಾಲ್ಕು ವಾರ ಸಾಕಾಗಬಹುದು, ದೊಡ್ಡವಕ್ಕೆ ಆರರಿಂದ ಎಂಟು ವಾರ ಬೇಕು. ಎದ್ದು ತಿರುಗುವಷ್ಟೇ ಜಾಗವಿರುವ ಬೋನು ಅಥವಾ ಮೂಲೆ ಸಿದ್ಧಮಾಡಿ. ನಮ್ಮ ಮನೆಗಳ ನುಣುಪು ಟೈಲ್ಸ್ ದೊಡ್ಡ ಶತ್ರು. ಬೋನಿನಿಂದ ಬಾಗಿಲವರೆಗೆ ಯೋಗ ಮ್ಯಾಟ್ ಅಥವಾ ಗೋಣಿಚೀಲ ಹಾಸಿ. ಹೊರಗೆ ಕರೆದೊಯ್ಯುವಾಗ ಹೊಟ್ಟೆ ಕೆಳಗೆ ಟವೆಲ್ ಹಾಕಿ ಹಿಂಭಾಗ ಎತ್ತಿ ಹಿಡಿಯಿರಿ. ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ಗಾಯ ನೆಕ್ಕದಂತೆ ಹಾಕಿದ ಕೊರಳಿನ ಕೋನ್ ತೆಗೆಯಬೇಡಿ. ಅಯ್ಯೋ ಪಾಪ ಎನ್ನಿಸುತ್ತದೆ, ಆದರೂ ಬೇಡ.

ಮೂರನೇ ವಾರ ಕೆಂಚ ಕಾಲೂರಿ ನಿಂತ. ಗೇಟಿನ ಸದ್ದಾದರೆ ಬಾಲದಿಂದ ಬೋನು ಬಡಿಯುತ್ತಿದ್ದ. ವಾಸಿಯಾಯಿತು ಎಂದು ಬಿಟ್ಟೇ ಬಿಡುವವರಿದ್ದೆವು. ಅಪಾಯ ಇರುವುದೇ ಆಗ. ನೋವು ಹೋಗಿರುತ್ತದೆ, ಮೂಳೆ ಕೂಡಿರುವುದಿಲ್ಲ. ಒಂದು ನೆಗೆತಕ್ಕೆ ಸ್ಕ್ರೂ ಕಿತ್ತು ಬರಬಹುದು. ನಡುವೆ ದೀಪಾವಳಿ ಬಂದರೆ ಪಟಾಕಿ ಭಯಕ್ಕೆ ಔಷಧಿ ಬೇಕಾ ಎಂದು ಡಾಕ್ಟರನ್ನು ಮೊದಲೇ ಕೇಳಿ.

ಆರನೇ ವಾರದ ಎಕ್ಸ್‌ರೇಯಲ್ಲಿ ಮುರಿತದ ಗೆರೆ ಮಾಸಿತ್ತು. ಆಮೇಲೂ ಬೆಲ್ಟ್ ಹಾಕಿಯೇ ನಡಿಗೆ, ಮೊದಲ ವಾರ ಐದೇ ನಿಮಿಷ. ವಾರವಾರಕ್ಕೆ ಸ್ವಲ್ಪ ಹೆಚ್ಚಿಸಿದೆವು. ಮೆಟ್ಟಿಲು ಹತ್ತಲು ಬಿಟ್ಟಿದ್ದು ಎಲ್ಲಕ್ಕಿಂತ ಕೊನೆಗೆ.