ಬೀಜಾಡಿಯ ಕಡಲ ದಂಡೆಯಲ್ಲಿ ಹನ್ನೆರಡು ಜನ, ಎರಡು ನಾಯಿ

ತಂಡದಲ್ಲಿ ಮೂರು ವರ್ಷದ ಮಗುವಿನಿಂದ ಎಂಬತ್ತರ ಅಜ್ಜಿಯವರೆಗೆ ಹನ್ನೆರಡು ಜನ. ಜೊತೆಗೆ 30 ಕೆ.ಜಿ. ತೂಕದ ಲ್ಯಾಬ್ರಡಾರ್, 17 ಕೆ.ಜಿ.ಯ ಊರ ನಾಯಿ. ಬೆಂಗಳೂರಿನಿಂದ ಕುಂದಾಪುರದ ಕಡೆಗೆ, ಸಂಕ್ರಾಂತಿಯ ಆಸುಪಾಸಿನ ಐದು ದಿನ. ದಿನಚರಿಯನ್ನು ನಾಯಿಗಳ ಹೊತ್ತಿಗೆ ಹೊಂದಿಸಿದ್ದು ನಾವು ಮಾಡಿದ ಒಂದೇ ದೊಡ್ಡ ತೀರ್ಮಾನ. ಮರಳು ಕಾಯುವ ಮುಂಚೆ, ಬಿಸಿಲು ಇಳಿದ ಮೇಲೆ ಮಾತ್ರ ಕಡಲು. ಅಜ್ಜಿಗೂ ಮಗುವಿಗೂ ಬೇಕಾದದ್ದು ಅದೇ ಹೊತ್ತು.

ಊರು ಆರಿಸುವಾಗ ಫೋಟೋ ನೋಡಿ ಮರುಳಾಗಬಾರದು. ಮರವಂತೆ ಕಣ್ಣಿಗೆ ಹಬ್ಬ ನಿಜ, ಆದರೆ ಅಲ್ಲಿ ದಂಡೆಯ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 66. ಕೈಯಿಂದ ಹಗ್ಗ ಒಮ್ಮೆ ಜಾರಿದರೆ ನಾಯಿ ನೇರ ಲಾರಿಗಳ ನಡುವೆ. ಪಡುಬಿದ್ರಿ, ಹೊನ್ನಾವರದ ಬಳಿಯ ಕಾಸರಕೋಡು ಎರಡೂ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಸಿಗುವ ಅಂತರರಾಷ್ಟ್ರೀಯ ಗುರುತು) ಮಾನ್ಯತೆ ಪಡೆದ ಕಡಲತೀರಗಳು. ಆ ಮಾನ್ಯತೆಯ ನಿಯಮದಲ್ಲೇ ಸಾಕುಪ್ರಾಣಿಗಳಿಗೆ ಕಟ್ಟುನಿಟ್ಟಿದೆ. ಅಳಿವೆಯ ಬಾಯಿ ಬೇಡವೇ ಬೇಡ, ನದಿ ಕಡಲು ಸೇರುವಲ್ಲಿ ಸೆಳೆತ ಜೋರು. ಕೋಟೇಶ್ವರದ ಪಡುವಣಕ್ಕೆ ಬೀಜಾಡಿ, ಗೋಪಾಡಿ ಕಡೆ ಉದ್ದನೆಯ ದಂಡೆ, ಜನ ಕಡಿಮೆ. ನಮಗೆ ಒಗ್ಗಿದ್ದು ಅದು.

ರೆಸಾರ್ಟ್‌ಗಿಂತ ಇಡೀ ಮನೆಯನ್ನೇ ಬಾಡಿಗೆಗೆ ಹಿಡಿಯುವುದು ಒಳ್ಳೆಯದು. 'ನಾಯಿ ತರಬಹುದಾ' ಎಂದು ಕೇಳಿ 'ತನ್ನಿ' ಎಂಬ ಉತ್ತರ ಬಂದರೆ ಅಲ್ಲಿಗೆ ಮುಗಿಯಲಿಲ್ಲ. ಕಾಂಪೌಂಡ್ ಸುತ್ತಲೂ ಇದೆಯೇ, ನಾಲ್ಕು ಅಡಿಗಿಂತ ಎತ್ತರವೇ? ಗೇಟಿನ ಕೆಳಗೆ ಎಷ್ಟು ಸಂದು? ಬಾವಿಗೆ ಕಟ್ಟೆ ಇದೆಯೇ? ಪಕ್ಕದ ಮನೆಯಲ್ಲಿ ಕೋಳಿ, ದನ ಇವೆಯೇ? ಹಿತ್ತಲಿಗೆ ತಾಗಿ ನಾಗಬನ ಅಥವಾ ದೈವಸ್ಥಾನ ಇದೆಯೇ? ಕರಾವಳಿಯಲ್ಲಿ ಈ ಕೊನೆಯ ಪ್ರಶ್ನೆಯನ್ನು ಮರೆಯಲೇಬಾರದು. ನಾಯಿ ನಾಗಬನಕ್ಕೆ ನುಗ್ಗಿದರೆ ಊರಿನವರಿಗೆ ಆಗುವ ನೋವು ಕ್ಷಮೆ ಕೇಳಿದ ಮಾತ್ರಕ್ಕೆ ಹೋಗುವಂಥದ್ದಲ್ಲ. ಅಂಗಳದ ತುಳಸಿಕಟ್ಟೆಗೂ ಮೊದಲ ದಿನವೇ ನಾಲ್ಕು ಕೋಲು ನೆಟ್ಟು, ಹಗ್ಗ ಸುತ್ತಿ, ಹಳೇ ಪಂಚೆ ಕಟ್ಟಿಬಿಡಿ. ಗಂಡು ನಾಯಿ ಹೊಸ ಜಾಗದಲ್ಲಿ ಕಾಲೆತ್ತುವ ಮೊದಲ ಕಡೆ ಅದೇ.

ಪ್ರಯಾಣವನ್ನು ಎರಡು ಪಾಲು ಮಾಡಿದೆವು. ಹಿರಿಯರೂ ಮಕ್ಕಳೂ ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿ ರೈಲಿನಲ್ಲಿ, ನಾಯಿಗಳು ನಾಲ್ವರು ದೊಡ್ಡವರ ಜೊತೆ ಒಂದು ದಿನ ಮುಂಚೆ ಕಾರಿನಲ್ಲಿ. ರೈಲಿನಲ್ಲಿ ನಾಯಿಯನ್ನು ಜೊತೆಗೇ ಕೂರಿಸಿಕೊಳ್ಳಬೇಕೆಂದರೆ ಫಸ್ಟ್ ಕ್ಲಾಸ್‌ನ ಇಡೀ ಕೂಪೆ (ಇಬ್ಬರ ಕೋಣೆ) ಅಥವಾ ಕ್ಯಾಬಿನ್ (ನಾಲ್ವರ ಕೋಣೆ) ನಿಮ್ಮದಾಗಬೇಕು. ದೊಡ್ಡ ಕುಟುಂಬಕ್ಕೆ ಅದು ಹೊಂದುವುದಿಲ್ಲ. ಒಂದು ದಿನ ಮುಂಚೆ ಹೋಗುವುದರ ಲಾಭ ಏನೆಂದರೆ, ಮನೆ ತುಂಬುವ ಹೊತ್ತಿಗೆ ನಾಯಿಗಳು ಮೂಲೆಮೂಲೆ ಮೂಸಿ ಮುಗಿಸಿ ತಣ್ಣಗೆ ಮಲಗಿರುತ್ತವೆ.

ದಾರಿಯಲ್ಲಿ ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಬಿಟ್ಟು ಸಕಲೇಶಪುರ, ಶಿರಾಡಿ ಘಾಟಿಯಲ್ಲಿ ಇಳಿದೆವು. ಹೊರಡುವ ನಾಲ್ಕು ಗಂಟೆ ಮುಂಚೆ ಅರ್ಧ ಊಟ, ಆಮೇಲೆ ನೀರು ಮಾತ್ರ. ವಾಂತಿ ಮಾಡುವ ನಾಯಿಗೆ ಪಶುವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಘಾಟಿ ಬಂದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ, ಎರಡು ಗಂಟೆ ಮುಂಚೆಯೇ ಹೊಟ್ಟೆ ಸೇರಿರಬೇಕು. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ನಿಲ್ಲಿಸಿ. ಘಾಟಿಯ ಕಾಡಂಚಿನಲ್ಲಿ ಮಾತ್ರ ಪೊದೆಗೆ ಬಿಡಬೇಡಿ. ಉಣ್ಣೆ ಹತ್ತುತ್ತದೆ, ಮಲೆನಾಡಿನ ಮಂಗನ ಕಾಯಿಲೆ ಹರಡುವುದೂ ಉಣ್ಣೆಯಿಂದಲೇ, ಅದರ ಕಾಲವೂ ಚಳಿಗಾಲದಿಂದ ಬೇಸಿಗೆಯವರೆಗೆ. ಉಣ್ಣೆಯ ಔಷಧವನ್ನು ಹೊರಡುವ ವಾರ ಮುಂಚೆ ಹಾಕಿಸಿ. ರೇಬೀಸ್ ಮತ್ತು ಇಲಿಜ್ವರದ ಲಸಿಕೆಯ ಚೀಟಿ ಕೈಯಲ್ಲಿರಲಿ.

ಇನ್ನು ಕಡಲು. ಬೆಳಿಗ್ಗೆ ಆರೂಮುಕ್ಕಾಲರಿಂದ ಎಂಟೂವರೆ, ಸಂಜೆ ನಾಲ್ಕೂಮುಕ್ಕಾಲರಿಂದ ಕತ್ತಲಾಗುವವರೆಗೆ. ಅಂಗೈ ಹಿಂಭಾಗವನ್ನು ಮರಳಿನ ಮೇಲಿಟ್ಟು ಏಳು ಸೆಕೆಂಡು ತಾಳಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಇಳಿತದ ಹೊತ್ತಿನಲ್ಲಿ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಅಜ್ಜಿಯೂ ಊರುಗೋಲು ಹೂತುಹೋಗದಂತೆ ನಡೆಯಬಹುದು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಮೊದಲ ದಿನ ಮೀನುಗಾರರನ್ನು ಕೇಳಿಕೊಂಡರೆ ಉಳಿದ ದಿನಗಳ ಲೆಕ್ಕ ತಾನೇ ಸಿಗುತ್ತದೆ.

ಕೊರಳಪಟ್ಟಿಗೆ ಬದಲು ಎದೆಗೆ ಹಾಕುವ ಹಾರ್ನೆಸ್, ಅದಕ್ಕೆ ಹತ್ತು ಮೀಟರ್ ನೈಲಾನ್ ಹಗ್ಗ. ನೀರಿಗೆ ಹೊಟ್ಟೆ ಮುಳುಗುವಷ್ಟು ಮಾತ್ರ.

ಹೆಚ್ಚು ತೊಂದರೆ ಕೊಡುವುದು ಉಪ್ಪುನೀರು. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಅಲೆಯಲ್ಲಿ ಚೆಂಡು ಹಿಡಿಯುವ ನಾಯಿ ಪ್ರತಿ ಸಲ ಒಂದು ಬಾಯಿ ಕುಡಿಯುತ್ತದೆ. ಮೊದಲು ಭೇದಿ, ವಾಂತಿ. ಮಿತಿಮೀರಿದರೆ ನಡುಕ, ಸೆಳವು, ಜೀವಕ್ಕೇ ಅಪಾಯ. ಆದ್ದರಿಂದ 15 ನಿಮಿಷಕ್ಕೊಮ್ಮೆ ದಡಕ್ಕೆ ಕರೆದು ಸಿಹಿನೀರು ಕುಡಿಸಬೇಕು. ಒಂದು ಸರದಿಗೆ ಎರಡು ನಾಯಿಗೆ ನಾಲ್ಕು ಲೀಟರ್ ಒಯ್ಯುತ್ತಿದ್ದೆವು. ಟೆನಿಸ್ ಚೆಂಡು ಬೇಡ: ಅದಕ್ಕೆ ಮೆತ್ತಿದ ಮರಳು ಹೊಟ್ಟೆ ಸೇರಿ ಕರುಳಿನಲ್ಲಿ ಕಟ್ಟಿಕೊಳ್ಳಬಹುದು. ತೇಲುವ ರಬ್ಬರ್ ಬಳೆ ಸಾಕು. ಏಡಿಯ ಬಿಲ ಕೆದಕುವುದನ್ನೂ ಐದು ನಿಮಿಷಕ್ಕೇ ನಿಲ್ಲಿಸಿ.

ಕೈರಂಪಣಿ, ಅಂದರೆ ದಡದಲ್ಲಿ ನಿಂತು ಕೈಯಿಂದಲೇ ಎಳೆಯುವ ಮೀನುಬಲೆ, ಎಳೆಯುವ ಜಾಗದಿಂದ ದೂರವಿರಿ. ಬಲೆ ಹರಿದರೆ ಒಬ್ಬರ ಹೊಟ್ಟೆಪಾಡಿಗೆ ಏಟು. ಇನ್ನೊಂದು ಕಾರಣ, ಬಲೆಯಿಂದ ತೆಗೆದು ಬಿಸಾಡಿದ ಮೀನುಗಳಲ್ಲಿ ಚೆಂಡಿನಂತೆ ಉಬ್ಬುವ ವಿಷದ ಮೀನೂ ಇರುತ್ತದೆ. ಅದರ ವಿಷಕ್ಕೆ ಪ್ರತಿವಿಷವಿಲ್ಲ. 'ಬಿಡು' ಎಂದರೆ ಬಿಡುವುದನ್ನು ಊರಿನಲ್ಲೇ ಒಂದು ತಿಂಗಳು ಕಲಿಸಿ ಹೊರಡಿ. ಕತ್ತಲಾದ ಮೇಲೆ ನಾಯಿಯನ್ನು ದಂಡೆಗೆ ತರಬೇಡಿ. ಇದು ಕಡಲಾಮೆ ಮೊಟ್ಟೆಯಿಡುವ ಕಾಲ, ನಾಯಿಯ ಮೂಗಿಗೆ ಮರಳಿನಡಿಯ ಗೂಡು ಸುಲಭವಾಗಿ ಸಿಕ್ಕಿಬಿಡುತ್ತದೆ.

ಮನೆಗೆ ಬಂದ ಕೂಡಲೇ ಬಾವಿಯ ಸಿಹಿನೀರಿನಲ್ಲಿ ತೊಳೆದು, ಬೆರಳ ಸಂದು, ತೊಡೆಸಂದು, ಕಿವಿಯ ಒಳಮಡಿಕೆಯನ್ನು ಒಣ ಬಟ್ಟೆಯಲ್ಲಿ ಒರೆಸಬೇಕು. ಉಪ್ಪು ಉಳಿದರೆ ಎರಡನೇ ದಿನಕ್ಕೆ ತುರಿಕೆ, ಮೂರನೇ ದಿನಕ್ಕೆ ಹುಣ್ಣು.

ಊಟವನ್ನು ಬದಲಿಸಬೇಡಿ. ದಿನಕ್ಕೆ 400 ಮತ್ತು 250 ಗ್ರಾಂ ಲೆಕ್ಕದಲ್ಲಿ, ತುಸು ಹೆಚ್ಚೇ ಇರಲೆಂದು ಐದು ಕೆ.ಜಿ. ಆಹಾರ ಒಯ್ದೆವು. ಹೊಟ್ಟೆ ಸಡಿಲವಾದ ದಿನ ಉಪ್ಪಿಲ್ಲದ ಕುಚ್ಚಲಕ್ಕಿ ಗಂಜಿ, ಎರಡು ಚಮಚ ಬೇಯಿಸಿದ ಸಿಹಿಗುಂಬಳ. ಕೋಳಿಸಾರಿನ ಮೂಳೆ, ಮೀನಿನ ಮುಳ್ಳು, ಈರುಳ್ಳಿ ಬೆಳ್ಳುಳ್ಳಿ ಬಿದ್ದ ಯಾವುದೂ ಬೇಡ. ಪ್ರೀತಿಯಿಂದ ತಟ್ಟೆಯಂಚಿನಿಂದ ಎಸೆಯುವ ಮಾವಂದಿರಿಗೆ ಇದನ್ನು ಮೊದಲ ಊಟಕ್ಕೇ ಹೇಳಿ, ಬದಲಿಗೆ ಅವರ ಕೈಗೆ ನಾಯಿಯ ಬಿಸ್ಕತ್ತಿನ ಡಬ್ಬಿ ಕೊಡಿ.

ಅಜ್ಜಿಯ ಮಡಿಗೆ ಅಡುಗೆಮನೆ ಮತ್ತು ದೇವರ ಕೋಣೆಯ ಬಾಗಿಲಿಗೆ ಮೂರಡಿಯ ಹಲಗೆ ಅಡ್ಡ ಇಟ್ಟೆವು. ನಾಯಿಗೆ ಅಂಜುವವರಿಗೆ ಮಹಡಿಯ ಕೋಣೆ. ಮಗುವನ್ನೂ ನಾಯಿಯನ್ನೂ ಒಂಟಿಯಾಗಿ ಬಿಡಲೇ ಇಲ್ಲ. 'ಎಲ್ಲರೂ ನೋಡಿಕೊಳ್ಳೋಣ' ಎಂದರೆ ಯಾರೂ ನೋಡುವುದಿಲ್ಲ. ಆದ್ದರಿಂದ ಮೂರು ಗಂಟೆಗೊಬ್ಬರಂತೆ ಹೆಸರು ಬರೆದು ಬಾಗಿಲಿಗೆ ಅಂಟಿಸಿದೆವು. ಆನೆಗುಡ್ಡೆಗೆ, ಕೊಲ್ಲೂರಿಗೆ ಹೋದ ದಿನ ಇಬ್ಬರು ನಾಯಿಗಳ ಜೊತೆ ಮನೆಯಲ್ಲೇ ಉಳಿದರು, ಮರುದಿನ ಅವರ ಸರದಿ. ದೇವಸ್ಥಾನದ ಹೊರಗೆ ಕಾರಿನಲ್ಲಿ ನಾಯಿ ಬಿಡುವ ಯೋಚನೆಯೇ ಬೇಡ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಶಾಖ ಸುಮಾರು 10 ಡಿಗ್ರಿ ಏರುತ್ತದೆ.

ಹೊರಡುವ ದಿನ ಬೆಳಿಗ್ಗೆ ಕಡಲು ಇಲ್ಲ. ಒದ್ದೆ ನಾಯಿ ಹತ್ತು ಗಂಟೆ ಕಾರಿನಲ್ಲಿ ಕೂತರೆ ಚರ್ಮ ಕೆಡುತ್ತದೆ. ಆ ಹೊತ್ತಿನಲ್ಲಿ ಮನೆ ಗುಡಿಸಿ, ಅಂಗಳದ ಹೇಲು ಹೆಕ್ಕಿ, ತುಳಸಿಕಟ್ಟೆಯ ಪಂಚೆ ಬಿಚ್ಚಿ ಕೀಲಿ ಕೊಟ್ಟೆವು. ಬೆಂಗಳೂರಿಗೆ ಬಂದ ಮೇಲೂ ಒಂದು ವಾರ ದಿನಾ ಕಿವಿಯ ಬುಡ, ಕಂಕುಳು, ಬಾಲದ ಕೆಳಗೆ ಉಣ್ಣೆ ಹುಡುಕಬೇಕು.