ಫೋನೂ ಬೇಡ, ನೆಟ್ಟೂ ಬೇಡ: ಲೈಬ್ರರಿಗೆ ಯುನಿಟ್ ಟೆಸ್ಟ್ ಬರೆಯುವುದು

ನಮ್ಮ ಆಂಡ್ರಾಯ್ಡ್ ಲೈಬ್ರರಿಯಲ್ಲಿ ಒಂದು ಯುನಿಟ್ ಟೆಸ್ಟ್, ಅಂದರೆ ಕೋಡಿನ ಒಂದು ಸಣ್ಣ ತುಂಡು ಸರಿಯಿದೆಯಾ ಎಂದು ನೋಡುವ ಕೋಡ್, ಇತ್ತು. ಹಗಲೆಲ್ಲ ಪಾಸ್, ರಾತ್ರಿ ಹನ್ನೆರಡು ದಾಟಿದರೆ ಫೇಲ್, ಬೆಳಿಗ್ಗೆ ಆರಕ್ಕೆ ಮತ್ತೆ ಪಾಸ್. ದೆವ್ವ ಗಿವ್ವ ಏನಲ್ಲ. ಕೋಡ್ ತಾರೀಖನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಲೆಕ್ಕ ಹಾಕುತ್ತಿತ್ತು, ಟೆಸ್ಟ್ ನನ್ನ ಲ್ಯಾಪ್‌ಟಾಪಿನ ಗಡಿಯಾರ ನೋಡುತ್ತಿತ್ತು. ನಮ್ಮ ಸಮಯ ಐದೂವರೆ ಗಂಟೆ ಮುಂದೆ ಅಲ್ವಾ, ಹಾಗಾಗಿ ಮಧ್ಯರಾತ್ರಿಯಿಂದ 5:30ರವರೆಗೆ ಎರಡಕ್ಕೂ 'ಇವತ್ತು' ಬೇರೆ ಬೇರೆ.

ಆ ಟೆಸ್ಟ್ ಪರೀಕ್ಷಿಸುತ್ತಿದ್ದ ಕ್ಲಾಸಿನ ಕೆಲಸ ಚಿಕ್ಕದು: ಒಂದು ಬ್ಯಾನರನ್ನು ದಿನಕ್ಕೆ ಒಂದೇ ಸಲ ತೋರಿಸಬೇಕು. ಆದರೆ ಸಮಯವನ್ನು ತಾನೇ ಕೇಳುತ್ತಿತ್ತು, ಶೇರ್ಡ್ ಪ್ರಿಫರೆನ್ಸಸ್ಸನ್ನೂ (ಆಂಡ್ರಾಯ್ಡ್ ಸಣ್ಣಪುಟ್ಟ ಮಾಹಿತಿ ಉಳಿಸಿಡುವ ಜಾಗ) ತಾನೇ ತೆರೆಯುತ್ತಿತ್ತು. ಮೊದಲು ಅದನ್ನು ಬಿಡಿಸಿ. ಗಡಿಯಾರಕ್ಕೊಂದು, ಮಾಹಿತಿ ಉಳಿಸುವ ಸ್ಟೋರ್‌ಗೊಂದು ಪುಟ್ಟ ಇಂಟರ್‌ಫೇಸ್ ಮಾಡಿ, ಟೈಮ್ ಝೋನ್ ಸಮೇತ ಕನ್‌ಸ್ಟ್ರಕ್ಟರಿನಲ್ಲಿ ಕೊಡಿ. ಲೈಬ್ರರಿ ಬಳಸುವವರಿಗೆ ಇದೆಲ್ಲ ಕಾಣಬಾರದು, ಅದಕ್ಕೆ ಆ ಕನ್‌ಸ್ಟ್ರಕ್ಟರನ್ನು ಇಂಟರ್ನಲ್ ಮಾಡಿ. ಕಾಟ್ಲಿನ್ ಭಾಷೆಯಲ್ಲಿ ಅದೇ ಮಾಡ್ಯೂಲಿನ ಟೆಸ್ಟ್‌ಗಳಿಗೆ ಅದು ಕಾಣುತ್ತದೆ.

ಈಗ ಟೆಸ್ಟ್. ಫೇಕ್ ಗಡಿಯಾರ ಅಂದರೆ ಸುಮ್ನೆ ಒಂದು ವೇರಿಯಬಲ್, ಫೇಕ್ ಸ್ಟೋರ್ ಅಂದರೆ ಒಂದು ಮ್ಯಾಪ್. ಕೋಲ್ಕತಾ ಝೋನ್ ಕೊಟ್ಟು, ಗಡಿಯಾರವನ್ನು ರಾತ್ರಿ 11:59ಕ್ಕೆ ಇಡಿ. ತೋರಿಸಲಾ? ಹೌದು. ತೋರಿಸಿಯಾಯಿತು ಎಂದು ಗುರುತು ಮಾಡಿ ಮತ್ತೆ ಕೇಳಿ, ಬೇಡ. ಎರಡು ನಿಮಿಷ ಮುಂದೆ ತಳ್ಳಿ ಕೇಳಿ, ಹೌದು. ಕೋಡ್ ಇನ್ನೂ ಯುಟಿಸಿಯಲ್ಲೇ ಲೆಕ್ಕ ಹಾಕುತ್ತಿದ್ದರೆ ಈ ಮೂರನೆಯದು ಹಾಡುಹಗಲಲ್ಲೂ ಫೇಲ್ ಆಗುತ್ತದೆ, ನಮಗೆ ಬೇಕಾದ್ದೂ ಅದೇ.

ನಕಲಿ ವಸ್ತುಗಳನ್ನು ತಾನೇ ತಯಾರಿಸಿಕೊಡುವ ಮಾಕ್‌ಕೆ ತರಹದ ಲೈಬ್ರರಿ ಬೇಡ ಎನ್ನುವುದಿಲ್ಲ. ಆದರೆ 'ಸೇವ್ ಫಂಕ್ಷನ್ ಸರಿಯಾಗಿ ಒಂದೇ ಸಲ ಕರೆಯಿತಾ' ಎಂದು ನೋಡುವ ಟೆಸ್ಟ್ ಜಾಸ್ತಿಯಾದರೆ ಒಳಗೆ ಸ್ವಲ್ಪ ಸರಿಪಡಿಸಿದರೂ ಹತ್ತು ಟೆಸ್ಟ್ ಬೀಳುತ್ತವೆ. ಕೈಯಲ್ಲಿ ಬರೆದ ಹತ್ತು ಸಾಲಿನ ಫೇಕ್ ನನಗಿಷ್ಟ.

ಈ ಟೆಸ್ಟ್‌ಗಳನ್ನು ಆಂಡ್ರಾಯ್ಡ್‌ಟೆಸ್ಟ್ ಫೋಲ್ಡರಿನಲ್ಲಿ ಇಡಬೇಡಿ, ಅದಕ್ಕೆ ಫೋನೋ ಎಮ್ಯುಲೇಟರೋ ಬೇಕು. ಟೆಸ್ಟ್ ಫೋಲ್ಡರಿನಲ್ಲಿದ್ದರೆ ಕಂಪ್ಯೂಟರಿನಲ್ಲೇ ಓಡುತ್ತವೆ. ಅಲ್ಲಿ ಸಿಗುವ ಆಂಡ್ರಾಯ್ಡ್ ಬರೀ ಚಿಪ್ಪು, ಲಾಗ್ ಎಂದು ಕರೆದರೂ 'ನಾಟ್ ಮಾಕ್ಡ್' ಎಂದು ಎರರ್ ಎಸೆಯುತ್ತದೆ. ರಿಟರ್ನ್‌ಡೀಫಾಲ್ಟ್‌ವ್ಯಾಲ್ಯೂಸ್ ಎಂಬ ಸೆಟ್ಟಿಂಗ್ ಆನ್ ಮಾಡಿ ಬಾಯಿ ಮುಚ್ಚಿಸುವವರು ತುಂಬಾ ಜನ. ನಾನು ಮಾಡುವುದಿಲ್ಲ, ಆಮೇಲೆ ನಲ್, ಸೊನ್ನೆ ಸದ್ದಿಲ್ಲದೆ ಬಂದು ಸುಳ್ಳು ಪಾಸ್ ಸಿಗುತ್ತದೆ. ಆ ಕರೆಯನ್ನೇ ಲಾಜಿಕ್ಕಿನಿಂದ ಹೊರಗೆ ಹಾಕಿ. ಆಗಲೇ ಇಲ್ಲವೆಂದರೆ ಕಂಪ್ಯೂಟರಿನಲ್ಲೇ ಆಂಡ್ರಾಯ್ಡನ್ನು ಅನುಕರಿಸುವ ರೋಬೊಲೆಕ್ಟ್ರಿಕ್ ಇದೆ, ನಿಧಾನ ಅಷ್ಟೇ.

ಕೊರೂಟಿನ್ (ನಡುವೆ ನಿಂತು ಕಾದು ಮುಂದುವರಿಯಬಲ್ಲ ಕೋಡ್) ಇದ್ದರೆ ರನ್‌ಟೆಸ್ಟ್ ಬಳಸಿ, ಅದು ಕಾಯುವ ಸಮಯವನ್ನು ಹಾರಿಸಿಬಿಡುತ್ತದೆ. 30 ಸೆಕೆಂಡ್ ಕಾದು ಮತ್ತೆ ಪ್ರಯತ್ನಿಸುವ ಕೋಡೂ ಕ್ಷಣದಲ್ಲಿ ಮುಗಿಯುತ್ತದೆ. ಒಳಗೆ ಡಿಸ್ಪ್ಯಾಚರನ್ನು (ಕೊರೂಟಿನ್ ಯಾವ ಥ್ರೆಡ್ಡಿನಲ್ಲಿ ಓಡಬೇಕೆಂದು ನಿರ್ಧರಿಸುವುದು) ಡಿಸ್ಪ್ಯಾಚರ್ಸ್ ಐಓ ಎಂದು ನೇರವಾಗಿ ಬರೆದಿದ್ದರೆ ಮಾತ್ರ ನಿಜವಾಗಿ 30 ಸೆಕೆಂಡ್ ಕಾಯಬೇಕು, ಹಾಗಾಗಿ ಡಿಸ್ಪ್ಯಾಚರನ್ನೂ ಹೊರಗಿನಿಂದಲೇ ಕೊಡಿ.

ಒಂದೊಂದಾಗಿ ಓಡಿಸಿದರೆ ಪಾಸ್, ಒಟ್ಟಿಗೆ ಓಡಿಸಿದರೆ ಫೇಲ್ ಆಗುತ್ತಿದೆಯಾ? ಇಡೀ ಪ್ರೋಗ್ರಾಮಿಗೆ ಒಂದೇ ಒಂದು ಪ್ರತಿ ಇರುವ ಕಾಟ್ಲಿನ್ ಆಬ್ಜೆಕ್ಟ್‌ಗಳನ್ನು ನೋಡಿ. ಟೆಸ್ಟ್ ಓಡಿಸುವ ಜೆಯುನಿಟ್ ಪ್ರತಿ ಟೆಸ್ಟಿಗೂ ಟೆಸ್ಟ್ ಕ್ಲಾಸನ್ನು ಹೊಸದಾಗಿ ಕಟ್ಟುತ್ತದೆ, ಆದರೆ ಆಬ್ಜೆಕ್ಟ್ ಹಿಂದಿನ ಟೆಸ್ಟಿನ ಎಂಜಲನ್ನು ಹಾಗೇ ಇಟ್ಟುಕೊಂಡಿರುತ್ತದೆ.

ಕೊನೆಗೆ ವೈಫೈ ಆಫ್ ಮಾಡಿ, ಲ್ಯಾಪ್‌ಟಾಪಿನ ಟೈಮ್ ಝೋನ್ ಬದಲಿಸಿ, ಎಲ್ಲವನ್ನೂ ಒಮ್ಮೆ ಓಡಿಸಿ. ಪ್ರಾಜೆಕ್ಟ್ ಬಿಲ್ಡ್ ಮಾಡುವ ಗ್ರೇಡಲ್‌ಗೆ ಆಫ್‌ಲೈನ್ ಎಂದು ಮೊದಲೇ ಹೇಳಿರಿ, ಇಲ್ಲದಿದ್ದರೆ ನಿಮ್ಮ ಟೆಸ್ಟಿಗಿಂತ ಮೊದಲು ಅದೇ ನೆಟ್ ಇಲ್ಲ ಎಂದು ಗೋಳಾಡೀತು.