ಹಳೆ ಕಾರಿಗೆ ನಾನು ಮೊದಲು ತೀರಿಸಿದ್ದು ಹಿಂದಿನವರ ಬಾಕಿ

ಹಳೆ ಕಾರು ತಗೊಂಡವರನ್ನು ಕೇಳಿ ನೋಡಿ, ಮೊದಲ ವರ್ಷ ಜೇಬು ತೂತಾಯಿತು ಅಂತಲೇ ಹೇಳುತ್ತಾರೆ. ನನಗೂ ಖರ್ಚು ಬಂತು. ಆದರೆ ಲೆಕ್ಕವನ್ನು ಎರಡು ಭಾಗ ಮಾಡಿ ಬರೆದಿಟ್ಟಿದ್ದರಿಂದ ಗಾಬರಿ ಆಗಲಿಲ್ಲ. ನೋಟ್‌ಬುಕ್ಕಿನ ಎಡಪುಟಕ್ಕೆ ಬಾಕಿ, ಬಲಪುಟಕ್ಕೆ ಮಾಮೂಲಿ ಖರ್ಚು. ಬಾಕಿ ಅಂದರೆ ಹಿಂದಿನ ಮಾಲೀಕರು ಮಾಡಿಸಬೇಕಾಗಿದ್ದು, ಇವತ್ತು ನಾಳೆ ಅಂತ ಮುಂದೂಡಿ ಕಾರಿನ ಜೊತೆ ನನಗೆ ದಾಟಿಸಿದ್ದು. ಅದು ಒಂದು ಸಲ ತೀರಿದರೆ ತೀರಿತು. ಎರಡನ್ನೂ ಕಲಸಿಬಿಟ್ಟರೆ ಮಾತ್ರ ಈ ಕಾರು ವರ್ಷಾ ವರ್ಷಾ ಹೀಗೇ ತಿನ್ನುತ್ತದೆ ಅನ್ನಿಸಿ ಮಾರಿಬಿಡೋಣ ಅನ್ನಿಸುತ್ತದೆ.

ತಗೊಳ್ಳುವಾಗ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಿದ್ದೆ. ಮೊದಲೇ ಓಡಿಸಿ ಬಿಸಿ ಮಾಡಿಟ್ಟರೆ ಎಷ್ಟೋ ಕಾಯಿಲೆ ಅಡಗಿಬಿಡುತ್ತವೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ. ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ ಅಂತ ಬಂದು ನಿಂತರೆ ವಾಲ್ವ್ ಸೀಲ್ ಮೇಲೆ ಅನುಮಾನ, ಆಕ್ಸಿಲರೇಟರ್ ಒತ್ತಿದಾಗಲೂ ಬರುತ್ತಿದ್ದರೆ ಪಿಸ್ಟನ್ ರಿಂಗ್ ಮೇಲೆ. ನನ್ನದರಲ್ಲಿ ಎರಡೂ ಇರಲಿಲ್ಲ.

ಮನೆಗೆ ತಂದ ಮೇಲೆ ಮೊದಲು ಕೈ ಹಾಕಿದ್ದು ಕೂಲಿಂಗ್‌ಗೆ. ಒಂದೇ ಒಂದು ಸಲ ಜೋರಾಗಿ ಓವರ್‌ಹೀಟ್ ಆದರೂ ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗಬಹುದು, ಅದರ ಕೆಳಗಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಗಬಹುದು, ಆಮೇಲೆ ಬರುವ ಬಿಲ್ಲು ಕೆಲವೊಮ್ಮೆ ಕಾರಿನ ಬೆಲೆಯನ್ನೇ ಮುಟ್ಟುತ್ತದೆ. ನನ್ನ ಕಾರಿನಲ್ಲಿ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಮಟ್ಟ ನಿಧಾನಕ್ಕೆ ಇಳಿಯುತ್ತಿತ್ತು. ನೆಲದ ಮೇಲೆ ಒಂದು ಹನಿಯೂ ಇಲ್ಲ. ಆಯಿಲ್ ಮುಚ್ಚಳ ತೆಗೆದರೆ ಕೆನೆಬಣ್ಣದ ಲೋಳೆ ಇಲ್ಲ, ಡಿಪ್‌ಸ್ಟಿಕ್ ಕ್ಲೀನ್ ಆಗಿದೆ, ಎಂಜಿನ್ ಬಿಸಿಯಾದ ಮೇಲೆ ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ. (ಹತ್ತಿರದ ಓಡಾಟಕ್ಕೆ ಮಾತ್ರ ಬಳಸುವ ಕಾರಿನ ಮುಚ್ಚಳದಲ್ಲಿ ತೇವಕ್ಕೆ ಸ್ವಲ್ಪ ಲೋಳೆ ಕಟ್ಟುವುದುಂಟು, ಬರೀ ಅದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ.) ಎಂಜಿನ್ ಒಳಗೆ ಸೋರುವ ಗುರುತು ಒಂದೂ ಇಲ್ಲ, ಹಾಗಾದರೆ ಎಲ್ಲೋ ಹೊರಗೇ ಜಿನುಗಿ, ಬಿಸಿಗೆ ಅಲ್ಲೇ ಆರಿಹೋಗುತ್ತಿರಬೇಕು. ಎಂಜಿನ್ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಹೋಸ್‌ಗಳ ಒಂದೊಂದೇ ತುದಿ ನೋಡುತ್ತಾ ಬಂದೆ. ವಾಟರ್ ಪಂಪಿನ ಕೆಳಗೆ, ಬೆರಳು ಕಷ್ಟಪಟ್ಟು ತೂರುವ ಜಾಗದಲ್ಲಿ, ಉಪ್ಪು ಕಟ್ಟಿದ ಹಾಗೆ ಒಣಗಿದ ಹಸಿರು ಗೆರೆ ಕಂಡಿತು. ಪಂಪಿನ ಮೈಯಲ್ಲಿ ಬೇಕಂತಲೇ ಒಂದು ಸಣ್ಣ ತೂತು ಇಟ್ಟಿರುತ್ತಾರೆ. ಒಳಗಿನ ಸೀಲ್ ಸೋತಾಗ ಕೂಲೆಂಟ್ ಬೇರಿಂಗಿಗೆ ನುಗ್ಗದೆ ಅಲ್ಲಿಂದ ಹೊರಗೆ ಬರಲಿ ಅಂತ. ಆ ತೂತಿನಿಂದ ಗೆರೆ ಇಳಿದಿದೆ ಅಂದರೆ ಪಂಪಿನ ಕಥೆ ಮುಗಿಯುತ್ತಾ ಬಂತು ಅಂತಲೇ.

ಪಂಪ್ ಇದ್ದದ್ದು ಟೈಮಿಂಗ್ ಬೆಲ್ಟಿನ (ಪಿಸ್ಟನ್, ವಾಲ್ವ್ ಎರಡರ ಓಟ ಹೊಂದಿಸುವ ರಬ್ಬರ್ ಪಟ್ಟಿ) ಹಿಂದೆ. ಬೆಲ್ಟ್ ಯಾವಾಗ ಹಾಕಿಸಿದ್ದು ಅನ್ನುವುದಕ್ಕೆ ಬಿಲ್ಲಿರಲಿಲ್ಲ. ಬಿಲ್ಲಿಲ್ಲ ಅಂದರೆ ಹಾಕಿಸಿಲ್ಲ, ಇದು ನನ್ನ ಲೆಕ್ಕ. "ಹಾಕಿಸಿದೀವಿ ಸಾರ್" ಅನ್ನೋ ಮಾತಿಗೆ ಬೆಲ್ಟಿನ ವಿಷಯದಲ್ಲಿ ಬೆಲೆ ಇಲ್ಲ. ಬೆಲ್ಟ್ ಇರುವ ಎಷ್ಟೋ ಕಾರುಗಳಿಗೆ 60,000ದಿಂದ 1,00,000 ಕಿಲೋಮೀಟರ್ ಒಳಗೆ ಬದಲಿಸಿ ಅಂತ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ. ಜೊತೆಗೆ ಇಷ್ಟು ವರ್ಷ ಅಂತಲೂ ಇರುತ್ತದೆ, ಅದನ್ನು ಮಾತ್ರ ಯಾರೂ ಓದುವುದಿಲ್ಲ. ಕಾರು ನಿಂತಲ್ಲೇ ನಿಂತಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ ಅಲ್ವಾ? ಎಂಜಿನ್ ಓಡುವಾಗ ಬೆಲ್ಟ್ ತುಂಡಾದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವ್‌ಗಳಿಗೆ ಹೊಡೆದು ಬಗ್ಗಿಸಿಬಿಡುತ್ತದೆ. ಪಂಪ್, ಬೆಲ್ಟ್, ಅದನ್ನು ಬಿಗಿ ಹಿಡಿದು ಓಡಿಸುವ ಟೆನ್ಷನರ್ ಮತ್ತು ಐಡ್ಲರ್, ಹೊಸ ಕೂಲೆಂಟ್ ಎಲ್ಲ ಒಟ್ಟಿಗೇ ಮಾಡಿಸಿದೆ. ಈ ಕೆಲಸದಲ್ಲಿ ಪಾರ್ಟಿಗಿಂತ ಬಿಚ್ಚಿ ಜೋಡಿಸುವ ಲೇಬರೇ ಜಾಸ್ತಿ, ಒಂದು ಸಲ ಬಿಚ್ಚಿದ ಮೇಲೆ ಅಲ್ಲಿರುವುದನ್ನೆಲ್ಲ ಹಾಕಿಸದೆ ಆರು ತಿಂಗಳಿಗೆ ಮತ್ತೆ ಅದೇ ಲೇಬರ್ ಕೊಡುವುದು ಸುಮ್ನೆ ದಂಡ. ಎಡಪುಟದ ಅತಿ ದೊಡ್ಡ ಮೊತ್ತ ಇದೇ.

ಆಮೇಲೆ ಸೆಲ್ಫ್ ಎಳೆದಾಡಲು ಶುರುವಾಯಿತು. ನೋಡಿದವರೆಲ್ಲ ಬ್ಯಾಟರಿ ಹೋಗಿದೆ ಅಂದರು. ಮಲ್ಟಿಮೀಟರ್ ಇಟ್ಟೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗಲೂ 10ಕ್ಕಿಂತ ಕೆಳಗೆ ಬೀಳಲಿಲ್ಲ, ಎಂಜಿನ್ ಓಡುವಾಗ 14.2. ಬ್ಯಾಟರಿ, ಆಲ್ಟರ್ನೇಟರ್ ಎರಡೂ ಸರಿಯಾಗೇ ಇವೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಇಟ್ಟು ಒಬ್ಬರ ಕೈಯಲ್ಲಿ ಸೆಲ್ಫ್ ಹೊಡೆಸಿದೆ. ಅಲ್ಲಿ ಅರ್ಧ ವೋಲ್ಟ್ ಕೂಡ ಕಾಣಬಾರದು, ಒಂದಕ್ಕಿಂತ ಮೇಲೆ ತೋರಿಸಿತು. ಬ್ಯಾಟರಿ ಮೈನಸ್ಸನ್ನು ಎಂಜಿನ್ನಿಗೆ ಸೇರಿಸುವ ಅರ್ತಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಕೆಳಗೆಲ್ಲ ಹಸಿರು ಕಿಲುಬು. ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದೆ, ಸೆಲ್ಫ್ ಸರಿಹೋಯಿತು. ಖರ್ಚು ಅಂತ ಬರೆಯಲು ಏನೂ ಇರಲಿಲ್ಲ.

ಚೆಕ್ ಎಂಜಿನ್ ಲೈಟ್ ಬಂದಾಗಲೂ ಇದೇ ಬುದ್ಧಿ ಬೇಕು. ಸ್ಕ್ಯಾನರ್ ಪಿ0171 ಅಂತ ತೋರಿಸಿತು. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಆಗಿದೆ ಅಂತ ಅದರರ್ಥ, ಅಷ್ಟೇ. ಯಾವ ಪಾರ್ಟ್ ಹೋಗಿದೆ ಅಂತ ಕೋಡ್ ಹೇಳುವುದಿಲ್ಲ. ಒಂದು ಗ್ಯಾರೇಜಿನಲ್ಲಿ ಕೋಡ್ ನೋಡಿದ ತಕ್ಷಣ ಆಕ್ಸಿಜನ್ ಸೆನ್ಸರ್ ಹಾಕಬೇಕು ಅಂದರು. ವಾಪಸ್ ತಂದು ನೋಡಿದರೆ ಇನ್‌ಟೇಕ್ ಹತ್ತಿರದ ವ್ಯಾಕ್ಯೂಮ್ ಹೋಸ್ ಬಾಗಿದ ಜಾಗದಲ್ಲಿ ಸೀಳಿತ್ತು, ಅಲ್ಲಿಂದ ಹೆಚ್ಚುವರಿ ಗಾಳಿ ಒಳಗೆ ಹೋಗುತ್ತಿತ್ತು, ಬೆರಳಿಟ್ಟು ಮುಚ್ಚಿದರೆ ಐಡ್ಲಿಂಗ್ ನೆಟ್ಟಗಾಗುತ್ತಿತ್ತು. ಹೋಸ್ ಬದಲಿಸಿದೆ, ಲೈಟ್ ಮತ್ತೆ ಬರಲಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 (ಬ್ರೇಕ್ ಆಯಿಲ್ ದರ್ಜೆ) ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಟೈರಿನ ಪಕ್ಕದಲ್ಲಿ 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲ್ಮೈಯ ಗೀರು ಚೆನ್ನಾಗಿ ಉಳಿದಿದ್ದರೂ ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಟೈರ್ ಬದಲಿಸಲೇಬೇಕು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಓಡಿಸುವಾಗ ಟಕ್ ಟಕ್ ಅಂತ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ಸವೆದಿದೆ ಅಂತ. ಅದರ ರಬ್ಬರ್ ಬೂಟ್ ಹರಿದಾಗಲೇ ಹಾಕಿಸಿದ್ದರೆ ಸಣ್ಣ ಖರ್ಚಿನಲ್ಲಿ ಮುಗಿಯುವ ಕೆಲಸ, ಗ್ರೀಸ್ ಹೋಗಿ ಮಣ್ಣು ಸೇರಿದ ಮೇಲೆ ಜಾಯಿಂಟೇ ಹೋಗುತ್ತದೆ.

ರಿಪೇರಿಗೆ ಇಷ್ಟು ಸುರಿಯುತ್ತೀಯಲ್ಲ, ಕಾರಿಗೇ ಅಷ್ಟು ಬೆಲೆ ಇಲ್ಲ ಅಂತ ಹೇಳುವವರಿದ್ದಾರೆ. ನಾನು ರಿಪೇರಿ ಖರ್ಚನ್ನು ಈ ಕಾರಿನ ಬೆಲೆಗೆ ಹೋಲಿಸುವುದೇ ಇಲ್ಲ. ಇದರ ಬದಲು ಇನ್ನೊಂದು ಕಾರು ತಂದರೆ ಸಾಲದ ಬಡ್ಡಿ, ಜಾಸ್ತಿ ಇನ್ಶೂರೆನ್ಸ್, ವರ್ಷಕ್ಕೆ ಇಳಿಯುವ ಬೆಲೆ ಎಲ್ಲ ಸೇರಿ ಎಷ್ಟಾಗುತ್ತದೆ ಅಂತ ನೋಡಿ, ಅದರ ಪಕ್ಕಕ್ಕೆ ಬಲಪುಟದ ಮೊತ್ತ ಇಡುತ್ತೇನೆ. ಇಲ್ಲಿಯವರೆಗೆ ಹಳೆ ಕಾರೇ ಗೆದ್ದಿದೆ. ಸಸ್ಪೆನ್ಷನ್ ಕೂರುವ ಜಾಗದಲ್ಲೋ ಚಾಸಿಯಲ್ಲೋ ತುಕ್ಕು ತಿಂದು ತೂತಾದರೆ ಮಾತ್ರ ಲೆಕ್ಕ ಹಾಕದೆ ಬಿಟ್ಟುಬಿಡುತ್ತೇನೆ, ಅದು ಜೀವದ ವಿಷಯ.

ಎಲ್ಲವನ್ನೂ ಸರಿ ಮಾಡಿಸಿಲ್ಲ. ವಾಲ್ವ್ ಕವರ್ ಗ್ಯಾಸ್ಕೆಟ್ ಬೆವರುತ್ತದೆ, ಆಯಿಲ್ ಮಟ್ಟ ಇಳಿದಿಲ್ಲ, ಬಿಸಿ ಸೈಲೆನ್ಸರ್ ಮೇಲೆ ಬೀಳುತ್ತಲೂ ಇಲ್ಲ. ಟ್ಯಾಪೆಟ್ ಸೆಟ್ಟಿಂಗ್‌ಗೆ (ವಾಲ್ವ್ ಸಂದು ಹೊಂದಿಸಲು) ಆ ಕವರ್ ಹೇಗೂ ಬಿಚ್ಚಲೇಬೇಕು, ಆಗ ಹಾಕಿಸೋಣ ಅಂತ ಎಡಪುಟದಲ್ಲಿ ಬರೆದಿಟ್ಟಿದ್ದೇನೆ.